ನಾಕಂದದ ದಾರಿಯಲ್ಲಿ ಸುದುಹಾಮಿ

ರಾಜರ ಕಾಲದ ಕಲ್ಲುವಿಹಾರದ ಮೆಟ್ಟಿಲ ಬಳಿ ಸುದುಹಾಮಿ ನೈದಿಲೆ ಮಾರುತ್ತಿದ್ದಳು. ಗಂಡ ಸತ್ತವಳು, ಬಾಯಿ ಜೋರು. ಯಾತ್ರಿಕರು ಹೂವನ್ನು ಮೂಸಿದರೆ, "ಬುದ್ಧನಿಗೆ ಎಂಜಲು ಕೊಡ್ತೀಯೇನಪ್ಪಾ?" ಎಂದು ಕಿತ್ತುಕೊಳ್ಳುವಳು.

ಅಲ್ಲಿಂದ ಕಾಡಿನೊಳಗೆ ಎರಡು ಹರಿದಾರಿ ನಡೆದರೆ ನಾಕಂದ ಬೆಟ್ಟ. ಅದರ ಗವಿಯಲ್ಲಿ ಮುದಿ ಭಿಕ್ಷು, ನಮ್ಮ ಹಾಮುದುರು, ಒಬ್ಬರೇ ಇದ್ದರು. ಅವರ ಊಟ ನಮ್ಮ ಏಳು ಮನೆಗಳದ್ದು, ವಾರದಲ್ಲಿ ಮನೆಗೊಂದು ದಿನ. ನಮ್ಮದು ಶುಕ್ರವಾರ, ಸುದುಹಾಮಿಯದು ಮಂಗಳವಾರ. ಹೊತ್ತು ನೆತ್ತಿ ದಾಟಿದರೆ ಅವರು ಅಗುಳು ಮುಟ್ಟುವವರಲ್ಲ.

ಆ ವರ್ಷ ಕೆರೆ ಬತ್ತಿದಾಗ ಒಂಟಿ ಆನೆಯೊಂದು ಆ ದಾರಿಯಲ್ಲಿ ಸೌದೆಯವನನ್ನು ತುಳಿದು ಕೊಂದಿತು. ಆದರೂ ದಿನಾ ಸಂಜೆ ಬಾವಿಕಟ್ಟೆಯಲ್ಲಿ ಅದೇ ಮಾತು: "ಹೋಗಿ ಬಂದ್ವಿ. ಹಾಮುದುರು ಚೆನ್ನಾಗಿದಾರೆ."

ಆ ಮಂಗಳವಾರ ನಸುಕಿಗೇ ಸುದುಹಾಮಿ ಕೆಂಪಕ್ಕಿ ಅನ್ನ, ಹಲಸಿನ ಬೀಜದ ಪಲ್ಯ ಕಟ್ಟಿಕೊಂಡು ಹೊರಟಳು. ಜೊತೆಗೆ ಸೋಮವಾರದ ಮನೆಯ ಮೈದುನ ಮುದಲಿಹಾಮಿ, ಹೆಗಲಲ್ಲಿ ಕೊಡಲಿ. ಕಾಡಿನ ಬಾಯಲ್ಲೊಂದು ಪಾಲೆಮರ. ಒಳಗೆ ಕಾಲಿಡುವವರು ಕಾಡು ಕಾಯುವ ಅಯ್ಯನಾಯಕ ದೇವರ ಹೆಸರಲ್ಲಿ ಅದಕ್ಕೊಂದು ಹಸಿ ಟೊಂಗೆ ಸಿಕ್ಕಿಸಬೇಕು. ಟೊಂಗೆ ಎತ್ತಿದ ಸುದುಹಾಮಿಯ ಕೈ ಹಾಗೇ ನಿಂತಿತು. ಅಲ್ಲಿದ್ದವೆಲ್ಲ ಒಣಗಿ ಮುರುಟಿದ್ದವು. ಎಲ್ಲಕ್ಕಿಂತ ಮೇಲಿದ್ದದ್ದು ಕಳೆದ ಮಂಗಳವಾರ ಅವಳೇ ಸಿಕ್ಕಿಸಿದ್ದು, ಅವಳ ಬಟ್ಟೆಯಂಚಿನ ನೂಲು ಸುತ್ತಿದ್ದು.

"ನಿನ್ನೆ ಹೋಗಿದ್ದೆ ಅಂದೆಯಲ್ಲೋ?"

ಮುದಲಿಹಾಮಿ ಕೊಡಲಿಯ ಕಾವು ಉಜ್ಜಿದ. "ಒಂದ್ಹೊತ್ತು ತಾನೇ ಅತ್ತಿಗೆ. ಇವತ್ತು ನೀನು ಹೋಗ್ತೀಯಲ್ಲ ಅಂತ..."

ಅವಳಿಗೆ ಬೈಯಲು ಬಾಯಿ ಬರಲಿಲ್ಲ. ಕಳೆದ ವಾರ ಇಲ್ಲೇ, ಆನೆ ಬಿದಿರು ಮುರಿಯುವ ಸದ್ದಿಗೆ ಹೆದರಿ, ಅನ್ನವನ್ನು ಕಾಗೆಗಳಿಗೆ ಸುರಿದು ವಾಪಸಾಗಿದ್ದಳು. ಊರಲ್ಲಿ "ಚೆನ್ನಾಗಿದಾರೆ" ಎಂದಿದ್ದಳು. ನಾಳೆಯವರು ಹೋಗುತ್ತಾರಲ್ಲ! ನಾಳೆಯವರೂ ಹಾಗೇ ಅಂದುಕೊಂಡಿದ್ದರು.

"ನಡಿ, ಹತ್ತು ಜನ ಸೇರಿಸ್ಕೊಂಡು ಬರೋಣ," ಎಂದ ಮುದಲಿಹಾಮಿ.

"ನೀನು ಸೇರಿಸ್ತಾ ಇರು. ನಾನು ನಡೀತಿರ್ತೀನಿ." ಟೊಂಗೆ ಸಿಕ್ಕಿಸಿ ಅವಳು ಒಬ್ಬಳೇ ಒಳಹೊಕ್ಕಳು.

ಅರ್ಧ ದಾರಿಯಲ್ಲಿ ಹಕ್ಕಿಗಳ ಸದ್ದು ನಿಂತುಹೋಯಿತು. ಲದ್ದಿ ಇನ್ನೂ ಹಬೆಯಾಡುತ್ತಿತ್ತು. ತಿರುವಿನಲ್ಲಿ ಆನೆ ದಾರಿಗಡ್ಡ ನಿಂತಿತ್ತು. ಸುದುಹಾಮಿ ಬಂಡೆಗೆ ಬೆನ್ನೊತ್ತಿದಳು. ಅದರ ಕಿವಿ ಬೀಸುವುದು ನಿಂತಿತು. ಕೇಳಿಸಿಕೊಳ್ಳುತ್ತಿದೆ. ಅನ್ನದ ಗಂಟನ್ನು ಎದೆಗವಚಿ ಅವಳು ಅಲುಗದೆ ನಿಂತಳು. ನೆರಳು ಕುಗ್ಗಿ ಕಾಲಡಿಗೆ ಬಂತು. ಆಮೇಲೆ ಆನೆ ತನ್ನ ಪಾಡಿಗೆ ಹಳ್ಳಕ್ಕಿಳಿಯಿತು.

ದಿನವೂ ಗುಡಿಸುತ್ತಿದ್ದ ಗವಿಯಂಗಳದಲ್ಲಿ ಕಣಕಾಲು ಮುಳುಗುವಷ್ಟು ತರಗೆಲೆ. ಹಾಮುದುರು ಗೋಡೆಯ ಬುಡದಲ್ಲಿ ಬಿದ್ದಿದ್ದರು, ಕಣ್ಣು ಮಾತ್ರ ತೆರೆದಿತ್ತು.

"ಹೊತ್ತೆಷ್ಟು?"

"ಇನ್ನೂ ನೆತ್ತಿಗೆ ಬಂದಿಲ್ಲ ಸ್ವಾಮಿ," ಎಂದಳು.

ಅವರು ಗಂಟಿನ ನೆರಳು ನೋಡಿದರು. "ಹಸಿದವನಿಗೆ ನೆರಳು ಚೆನ್ನಾಗಿ ಕಾಣುತ್ತೆ ಮಗಳೇ."

ಅನ್ನ ಮುಟ್ಟಲಿಲ್ಲ. ಹೊತ್ತು ಮೀರಿದ ಮೇಲೂ ಸಲ್ಲುವುದೆಂದು ಅವಳು ಕಲಸಿಕೊಟ್ಟ ಬೈನೆ ಬೆಲ್ಲದ ನೀರನ್ನು ನಾಲ್ಕು ಗುಟುಕು ಕುಡಿದು ಕೇಳಿದರು: "ಊರಲ್ಲಿ ಎಲ್ರೂ ಬದುಕಿದ್ದೀರಾ? ಯಾರೂ ಬರದಿದ್ದಾಗ ಜ್ವರ ಗಿರ ಬಂದು ಊರೇ ಹೋಯ್ತೇನೋ ಅಂದ್ಕೊಂಡೆ."

ಸಂಜೆ ಬಾವಿಕಟ್ಟೆಯಲ್ಲಿ ಅವಳು ಗಂಟನ್ನು ಎಲ್ಲರ ಮುಂದೆ ಬಿಚ್ಚಿಟ್ಟಳು. "ಹೋದ ವಾರ ನಾನು ಹೋಗ್ಲಿಲ್ಲ, ಸುಳ್ಳು ಹೇಳಿದೆ. ನೀವು?"

ನನ್ನಮ್ಮ ಹಗ್ಗ ಹಿಡಿದು ಬಾವಿಯೊಳಗೆ ನೋಡುತ್ತಿದ್ದಳು.

ಮರುದಿನ ಬೆಳಗಾಗುತ್ತಲೇ ಏಳೂ ಮನೆಯವರು ತಗಡು ಬಡಿಯುತ್ತಾ ಹೋಗಿ, ಹಾಮುದುರನ್ನು ಜೋಲಿ ಕಟ್ಟಿ ಹೊತ್ತು ತಂದೆವು. ಕಲ್ಲುವಿಹಾರದ ಪಕ್ಕದ ಮನೆಯಲ್ಲಿ ಹತ್ತೊಂಬತ್ತು ದಿನ ಇದ್ದರು. ಗಂಜಿಯೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ.

ಚಿತೆಯ ಹತ್ತಿರ ಮುದಲಿಹಾಮಿ ನಿಟ್ಟುಸಿರಿಟ್ಟ. "ವಯಸ್ಸಾಗಿತ್ತು ಬಿಡು ಅತ್ತಿಗೆ."

"ವಯಸ್ಸಲ್ಲ, ಹಸಿವು. ಬಾಯಿಬಿಟ್ಟು ಹೇಳು."

ಅವನು ಹೇಳಲಿಲ್ಲ. ನಾವ್ಯಾರೂ ಹೇಳಲಿಲ್ಲ.