ಅಳಿವೆಗೆ ಒಂದು ಕೊಂಬು

ಹೆದ್ದಾರಿಯಲ್ಲಿ ನೆಟ್ಟಗೆ ಹೋಗಿದ್ದರೆ ಊಟದ ಹೊತ್ತಿಗೆ ಅಕ್ಕನ ಮಗಳ ಮನೆಯಲ್ಲಿರುತ್ತಿದ್ದೆವು. ಕಾರಿನಲ್ಲಿ ನನ್ನ ಪಕ್ಕದಲ್ಲಿ ಕೂತಿದ್ದ ಭಾವ, ಸೇತುವೆ ಕಂಡದ್ದೇ ತಡ, "ಎಡಕ್ಕೆ ತಿರುಗಿಸು, ಕೋಟೆ ನೋಡ್ಕೊಂಡು ಹೋಗೋಣ" ಎಂದರು.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಬಿದ್ದುಹೋದ ಕೋಟೆಯಲ್ಲಿ ನೋಡುವುದೇನಿದೆ, ಕಲ್ಲು ನಮ್ಮೂರಲ್ಲಿಲ್ಲವೇ ಎಂದು ರೇಗಿದೆ. ಹಿಂದಿನ ಸೀಟಿನಲ್ಲಿದ್ದ ಅಕ್ಕ, ಕೋಟೆಯೂ ಅಲ್ಲ ಮಣ್ಣೂ ಅಲ್ಲ, ತಾವು ಮಾಡಿದ ಘನಕಾರ್ಯ ನೋಡೋಕೆ ಹೊರಟಿದ್ದಾರೆ, ಡಿಕ್ಕಿಯಲ್ಲಿ ಬಣ್ಣದ ಡಬ್ಬಿ ಇಟ್ಟಿದ್ದು ನನಗೆ ಕಾಣಲಿಲ್ಲವಾ ಎಂದಳು. ನಾನು ಎಡಕ್ಕೆ ತಿರುಗಿಸಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಾನು. ಆ ಕೋಟೆಯ ಮಾತು ಬಂದಾಗಲೆಲ್ಲ ಮೂವತ್ತೆರಡು ವರ್ಷಗಳಿಂದ ಹೆಗಲು ಮುಟ್ಟಿಕೊಳ್ಳುತ್ತಲೇ ಬಂದಿದ್ದೇನೆ.

ನಾನಾಗ ರಸ್ತೆ ಕಚೇರಿಯಲ್ಲಿ ಹೊಸ ಗುಮಾಸ್ತ. ಭಾವ ಅದೇ ಕಚೇರಿಯ ಹಂಗಾಮಿ ಪೇಂಟರ್. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಟರ್ಪೆಂಟೈನ್ ವಾಸನೆಯ ನಡುವೆ ಅವರ ಕೆಲಸ. ಸುಣ್ಣದ ಪುಡಿ ಹಚ್ಚಿದ ದಾರವನ್ನು ಹಲಗೆಯ ಮೇಲೆ ಬಿಗಿದು ಚಟ್ ಅಂತ ಬಿಟ್ಟರೆ ನೇರ ಗೆರೆ ಬೀಳುತ್ತಿತ್ತು. ಆ ಗೆರೆಗೆ ತೂಗುಹಾಕಿದ ಹಾಗೆ ಅಕ್ಷರ ಬರೆಯುತ್ತಿದ್ದರು. ಓದಿದ್ದು ನಾಲ್ಕನೇ ಕ್ಲಾಸು. ಹಿಂದೊಮ್ಮೆ ಬೋರ್ಡಿಗೆಂದು ಕೊಟ್ಟ ಚೀಟಿಯಲ್ಲಿದ್ದ ಅಕ್ಷರವೊಂದನ್ನು ತಪ್ಪೆಂದು ತಾವೇ ತಿದ್ದಿ ಬೈಸಿಕೊಂಡಿದ್ದರಂತೆ. ಅಂದಿನಿಂದ ಒಂದೇ ನಿಯಮ: ಗುಮಾಸ್ತರ ಚೀಟಿಯಲ್ಲಿ ಇದ್ದದ್ದು ಇದ್ದ ಹಾಗೆ. ಓದುವುದು ನಿಮ್ಮ ಕೆಲಸ, ಬರೆಯುವುದು ನಮ್ಮ ಕೆಲಸ ಎನ್ನುತ್ತಿದ್ದರು.

ಆ ತಿಂಗಳು ಕೆಲಸ ಕಾಯಂ ಆಗುವವರ ಪಟ್ಟಿಯಲ್ಲಿ ಅವರ ಹೆಸರಿತ್ತು. ಅಕ್ಕನನ್ನು ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ.

ಸಾಹೇಬರು ಫೋನಿನಲ್ಲಿ, ಕೋಟೆ ಬಾಗಿಲಿಗೆ ಬೋರ್ಡು ಬೇಕು, "ಕೋಟೆ, ಅಳಿವೆ" ಅಂತ ಬರೆಸು ಎಂದರು. ನದಿ ಸಮುದ್ರ ಸೇರುವ ಜಾಗಕ್ಕೆ ಅಳಿವೆ ಅನ್ನುತ್ತಾರೆಂದು ಸಮುದ್ರವನ್ನೇ ಕಾಣದ ನನಗೇನು ಗೊತ್ತು? ಹಾಳು ಬಿದ್ದ ಕೋಟೆಯಲ್ಲವೇ, ಅಳಿವು ಅಂದಿರಬೇಕು ಅಂದುಕೊಂಡು ವ-ಕ್ಕೆ ಕೊಂಬು ಎಳೆದು ಚೀಟಿ ಬರೆದೆ. ಕೇಳಲು ನನಗೇನು ಧಾಡಿಯಾಗಿತ್ತೋ! ಭಾವ ಹಳದಿಯ ಮೇಲೆ ಕಪ್ಪಿನಲ್ಲಿ, ಒಂದೊಂದು ಅಕ್ಷರ ಗೇಣುದ್ದ, ಮುದ್ದಾಗಿ ಬರೆದರು: ಕೋಟೆ ಅಳಿವು.

ಕೋಟೆಯನ್ನು ಉಳಿಸುತ್ತೇವೆಂದು ಭಾಷಣ ಮಾಡಲು ಬಂದ ದೊಡ್ಡ ಅಧಿಕಾರಿ ಸರಿಯಾಗಿ ಆ ಬೋರ್ಡಿನ ಕೆಳಗೇ ನಿಂತರು. ಜನ ಬಿದ್ದು ಬಿದ್ದು ನಕ್ಕರು. ಪೇಪರಿನಲ್ಲಿ ಫೋಟೋ ಬಂತು. ಮರುದಿನ ಚೀಟಿ ತಾ ಎಂದು ಸಾಹೇಬರು ಕೂಗಿದಾಗ ನಾನು ಹೊಸ ಚೀಟಿ ಬರೆದೆ. ಅದರಲ್ಲಿ ಅಳಿವೆ ಎಂದು ಸ್ಪಷ್ಟವಾಗಿ ಬರೆದು, ಹಳೇ ತಾರೀಖು ಹಾಕಿ, ಪೇಂಟರು ನೋಡದೆ ಬರೆದಿದ್ದಾರೆ ಎಂದುಬಿಟ್ಟೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಭಾವನನ್ನು ಕರೆದು ಕೇಳಿದರು. ಅವರು ನನ್ನ ಮುಖ ನೋಡಿ, "ನನ್ನದೇ ತಪ್ಪು" ಎಂದರು. ಪಟ್ಟಿಯಿಂದ ಹೆಸರು ಹೋಯಿತು, ತಿಂಗಳೊಪ್ಪತ್ತಿನಲ್ಲಿ ಕೆಲಸವೂ ಹೋಯಿತು. ಭಾವ ತಾವೇ ತಪ್ಪು ಓದಿದೆವೆಂದು ನಂಬಿದ್ದಾರೆ, ಮೊದಲಿನ ಚೀಟಿ ಕಸಕ್ಕೆ ಹೋಗಿದೆ ಎಂದು ನಾನು ಸಮಾಧಾನ ಮಾಡಿಕೊಂಡೆ.

ಆಮೇಲೆ ಅವರು ಬರೆದದ್ದು ಅಂಗಡಿ ಶಟರು, ಲಾರಿಯ ಹಿಂಭಾಗ, ಗಾಡಿಗಳ ನಂಬರು. ಊರವರ ಬಾಯಲ್ಲಿ 'ಅಳಿವಣ್ಣ' ಆದರು. ನಾನು ಹೆಡ್ ಗುಮಾಸ್ತನಾದೆ, ಪಿಂಚಣಿ ಬಂತು, ಕಾರು ಬಂತು. ಅವರ ಮನೆಗೆ ಹೋದಾಗಲೆಲ್ಲ ಅಕ್ಕ ನನಗೆ ಬಡಿಸುತ್ತಾ ಭಾವನನ್ನು ಚುಚ್ಚುತ್ತಿದ್ದಳು. ಒಂದಕ್ಷರ ನೋಡಿ ಬರೆದಿದ್ದರೆ ನಾವೂ ಹೀಗಿರುತ್ತಿದ್ದೆವು, ನನ್ನ ತಮ್ಮನನ್ನು ನೋಡಿ ಕಲಿಯಬಾರದೇ ಎನ್ನುತ್ತಿದ್ದಳು. ಭಾವ ತಟ್ಟೆ ನೋಡುತ್ತಿದ್ದರು. ನಾನು ಇನ್ನೊಂದು ತುತ್ತು ನುಂಗುತ್ತಿದ್ದೆ.

ರಸ್ತೆ ಮುಗಿದಲ್ಲಿ ಕಾರು ನಿಲ್ಲಿಸಿದೆ. ಎದುರಿಗೆ ನದಿ ಅಗಲವಾಗಿ, ಅವಸರವಿಲ್ಲದೆ ಸಮುದ್ರಕ್ಕೆ ಸೇರುತ್ತಿತ್ತು. ಕೆಂಪು ನೀರು ಎಲ್ಲಿ ಮುಗಿದು ಉಪ್ಪುನೀರು ಎಲ್ಲಿ ಶುರುವಾಯಿತೆಂದು ಹೇಳಲಾಗದು. ಕೋಟೆಯಲ್ಲಿ ಉಳಿದದ್ದು ಬಾಗಿಲಿನ ಕಮಾನು ಮತ್ತು ಒಂದು ಬುರುಜು, ಅದರಲ್ಲೂ ಮರ ಬೇರುಬಿಟ್ಟಿತ್ತು. ಆಚೆ ಬದಿಗೆ ಹೊಸ ಹಸಿರು ಬೋರ್ಡು, ಅದರಲ್ಲಿ ಅಳಿವೆ ಸರಿಯಾಗಿಯೇ ಇತ್ತು. ಹಳೆಯದನ್ನು ಕೀಳುವ ಗೋಜಿಗೆ ಯಾರೂ ಹೋಗಿರಲಿಲ್ಲ. ಅದು ವಾಲಿಕೊಂಡು ನಿಂತಿತ್ತು, ಅಕ್ಷರ ಮಾತ್ರ ಮಾಸಿರಲಿಲ್ಲ.

"ಈಗ ಕೋಟೆ ಬಿತ್ತಲ್ಲ, ಇನ್ನು ನಿಮ್ಮ ಬೋರ್ಡೇ ಸರಿ ಬಿಡಿ" ಎಂದು ಅಕ್ಕ ಕಾರಿನಿಂದಲೇ ನಕ್ಕಳು.

ಭಾವ ಡಬ್ಬಿ ಬಿಚ್ಚಿದರು. ವಯಸ್ಸಾದ ಕೈ, ಬ್ರಷ್ಷಿನ ತುದಿ ಹಲಗೆಗೆ ತಾಗುವ ಮುಂಚೆಯೇ ಹಳದಿ ಹನಿ ಚಪ್ಪಲಿಯ ಮೇಲೆ ಬಿತ್ತು. ಬ್ರಷ್ಷು ನನ್ನ ಕೈಗಿತ್ತು, ಕೊಂಬು ನೀನು ಮುಚ್ಚು ಎಂದರು. ಮುಚ್ಚಿದೆ. ತಲೆಯ ಮೇಲಿನ ಎತ್ವವನ್ನು ಮಾತ್ರ ಅವರೇ ಕಪ್ಪಿನಲ್ಲಿ, ಎಡಗೈಯಲ್ಲಿ ಬಲಗೈ ಹಿಡಿದುಕೊಂಡು, ಉಸಿರು ಬಿಗಿಹಿಡಿದು ಎಳೆದರು. ಸ್ವಲ್ಪ ಸೊಟ್ಟಗಾಯಿತು. ಇರಲಿ ಎಂದರು.

ಆಮೇಲೆ ಬ್ರಷ್ಷು ಇಡುವ ಡಬ್ಬಿಯ ತಳದಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಾಗದವೊಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. ನನ್ನ ಚೀಟಿ. ನನ್ನ ಕೊಂಬು.

"ಇಟ್ಕೋ," ಎಂದರು ಮೆಲ್ಲಗೆ. "ನಾನು ಹೋದ ಮೇಲೆ ಡಬ್ಬಿ ಕೆದಕಿದ್ರೆ ನಿನ್ನಕ್ಕನ ಕೈಗೆ ಸಿಗುತ್ತೆ. ಅದಕ್ಕೇ ಇಲ್ಲಿಗೆ ಕರ್ಕೊಂಡು ಬಂದೆ."

ಅಷ್ಟೂ ವರ್ಷ ಗೊತ್ತಿತ್ತು ಈ ಮನುಷ್ಯನಿಗೆ. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು, ಅವರ ಮೇಲೆ ಕೆಟ್ಟ ಕೋಪವೂ ಬಂತು. ನನ್ನನ್ನು ಇಷ್ಟು ಸಣ್ಣವನನ್ನಾಗಿ ಮಾಡಲು ಇವರಿಗೇನು ಹಕ್ಕು? ಚೀಟಿ ಜೇಬಿಗೆ ಹಾಕಿದೆ. ಹೌದು, ಹಾಕಿದೆ, ಸುಳ್ಳು ಹೇಳುವುದಿಲ್ಲ.

ಅಷ್ಟರಲ್ಲಿ ಅಕ್ಕ ಇಳಿದು ಬಂದಳು. ಹಸಿ ಅಕ್ಷರವನ್ನು ನೋಡಿ, ಇದೇ ಬುದ್ಧಿ ಅವತ್ತೇ ಇದ್ದಿದ್ದರೆ ನನ್ನ ಆಯುಷ್ಯ ಹೀಗೆ ಸವೆಯುತ್ತಿರಲಿಲ್ಲ, ಕಣ್ಣಿದ್ದೂ ಕುರುಡರು ಎಂದು ಶುರುಮಾಡಿದಳು. ಭಾವ ಬ್ರಷ್ಷು ಒರೆಸುತ್ತಿದ್ದರು. ನನ್ನಿಂದ ತಡೆಯಲಾಗಲಿಲ್ಲ. ಜೇಬಿನಿಂದ ಚೀಟಿ ತೆಗೆದು ಅವಳಿಗೆ ಕೊಟ್ಟೆ.

ಏನೂ ವಿವರಿಸಬೇಕಾಗಲಿಲ್ಲ. ನನಗೆ ಸ್ಲೇಟು ಹಿಡಿಸಿ ಅಕ್ಷರ ಕಲಿಸಿದವಳೇ ಅವಳು. ಕೊಂಬನ್ನು ಬಾಲದ ಹಾಗೆ ಉದ್ದ ಎಳೀಬೇಡ ಎಂದು ಗೆಣ್ಣಿಗೆ ಹೊಡೆದವಳೂ ಅವಳೇ. ಚೀಟಿಯ ಕೊಂಬಿನ ಮೇಲೆ ಬೆರಳಿಟ್ಟಳು. ನನ್ನ ಕಡೆ ತಿರುಗಲಿಲ್ಲ, ಗಂಡನನ್ನು ಕೇಳಿದಳು:

"ಇಷ್ಟು ವರ್ಷ ಬಾಯಿಗೆ ಬಂದ ಹಾಗೆ ಬೈದೆನಲ್ಲ ರೀ. ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನಿನಗೆ ತವರು ಅಂತ ಯಾರಿದ್ರು?" ಎಂದರು ಭಾವ. "ಇವನೊಬ್ಬನೇ ಅಲ್ವಾ."

ಅಕ್ಕ ಅವರ ಚಪ್ಪಲಿಯ ಮೇಲಿದ್ದ ಹಳದಿ ಹನಿಯನ್ನು ಸೆರಗಿನಿಂದ ಒರೆಸಿದಳು. ಅದು ಇನ್ನಷ್ಟು ಹರಡಿತು. ಕಾರಿನಿಂದ ಚೀಲ ಇಳಿಸಿಕೊಂಡಳು. ಹೆದ್ದಾರಿಗೆ ಹೋಗುವ ಬಸ್ಸು ಕಮಾನಿನ ಹತ್ತಿರ ತಿರುಗಿಸಿಕೊಳ್ಳುತ್ತಿತ್ತು. ನಾನು ಬಿಡ್ತೀನಿ ಬಾ ಅಕ್ಕಾ ಎಂದೆ, ಎರಡು ಸಲ ಎಂದೆ.

"ನನಗೆ ತವರಿಲ್ಲ" ಎಂದು ಅವಳು ಬಸ್ಸು ಹತ್ತಿದಳು. ಭಾವ ಮೆಟ್ಟಿಲ ಮೇಲೆ ನಿಂತು ಒಮ್ಮೆ ನನ್ನನ್ನು ನೋಡಿದರು. ಮೂವತ್ತೆರಡು ವರ್ಷ ಅವರು ಕಾಯ್ದುಕೊಂಡು ಬಂದಿದ್ದು ಇದೊಂದನ್ನೇ, ಅದನ್ನೂ ನಾನೇ ಹಾಳುಮಾಡಿದ್ದೆ.

ಬಸ್ಸು ಹೋದ ಮೇಲೆ ಬೋರ್ಡಿನ ಮುಂದೆ ನಿಂತೆ. ನಾನು ಹಚ್ಚಿದ ಹಳದಿ ಒಣಗುತ್ತಾ ಬಂದ ಹಾಗೆ ಅಡಿಯಿಂದ ಕೊಂಬು ಮತ್ತೆ ಕಾಣಿಸತೊಡಗಿತ್ತು. ಭಾವ ಹಚ್ಚಿದ ಕಪ್ಪು ಅದು. ಒಂದು ಕೋಟು ಬಣ್ಣಕ್ಕೆ ಮುಚ್ಚುವಂಥದ್ದಲ್ಲ.