ತೀರ್ಮಾನ ನಿಮ್ಮದು ಎಂದ ಕ್ಯಾಪ್ಟನ್ ಮಿಸ್

ಹೋದ ವಾರ ಶಾಲೆಯ ಸ್ಟೋರ್ ರೂಮಿನಲ್ಲಿ ಕ್ಯಾಂಪಿನ ಟ್ರಂಕು ತೆಗೆದೆ. ಟಾರ್ಪಾಲು ಬಿಡಿಸಿದಾಗ ನುಸಿಗುಳಿಗೆಯ ಘಾಟಿನ ಹಿಂದೆಯೇ ಇನ್ನೊಂದು ವಾಸನೆ ಬಂತು. ತೆಂಗಿನ ಮಟ್ಟೆ ಉರಿದ ಹೊಗೆ, ತಳ ಹಿಡಿದ ಉಪ್ಪಿಟ್ಟು. ತಕ್ಷಣ ನಮ್ಮ ಕ್ಯಾಪ್ಟನ್ ಮಿಸ್ ನೆನಪಾದರು. ಇಲ್ಲೇ ಒಂದು ಮಾತು ಹೇಳಿಬಿಡಬೇಕು. ಈ ಟಾರ್ಪಾಲು ಅವರ ಕಾಲದ್ದಲ್ಲ. ನಾನು ಟೀಚರ್ ಆಗಿ ಸೇರಿದ ಮೇಲೆ ತಿಪಟೂರಿನ ಪೇಟೆಯಿಂದ ತಂದದ್ದು. ಅವರ ಒಲೆಯ ಹೊಗೆ ಇದಕ್ಕೆ ತಾಕಿರಲು ಸಾಧ್ಯವೇ ಇಲ್ಲ. ಹಾಗಾದರೆ ಆ ವಾಸನೆ ಎಲ್ಲಿಂದ ಬಂತು? ಬಂದದ್ದಂತೂ ನಿಜ. ಮುಂದೆ ಬರೆಯುವುದನ್ನೆಲ್ಲ ಓದುವವರು ಇಷ್ಟೇ ಎಚ್ಚರದಿಂದ ಓದಿಕೊಳ್ಳಲಿ.

ಅವರು ನಮ್ಮ ಹೈಸ್ಕೂಲಿನ ಹೊಲಿಗೆ ಟೀಚರ್. ಶನಿವಾರ ಮಧ್ಯಾಹ್ನ ಮಾತ್ರ ನೀಲಿ ಸೀರೆ ಉಟ್ಟು, ಕೊರಳಿಗೆ ಸ್ಕಾರ್ಫ್ ಕಟ್ಟಿಕೊಂಡು ಗೈಡ್ ಕ್ಯಾಪ್ಟನ್ ಆಗುತ್ತಿದ್ದರು. ಹೆಣ್ಣುಮಕ್ಕಳಿಗೆ ಸ್ಕೌಟ್ ಇದ್ದ ಹಾಗೆ ಅದು. ಅವರ ಬಗ್ಗೆ ಈಗ ಎಲ್ಲರೂ ‘ಎಷ್ಟು ಶಾಂತ ಸ್ವಭಾವ’ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಹೊಲಿಗೆ ಕ್ಲಾಸಿನಲ್ಲಿ ಗುಂಡಿಯ ಕಾಜಾ ಸೊಟ್ಟಗಾದರೆ ಮರದ ಸ್ಕೇಲಿನಿಂದ ಬೆರಳ ಗೆಣ್ಣಿಗೇ ಬಾರಿಸುತ್ತಿದ್ದರು. ಅದೇ ಕೈ ಗೈಡ್ಸ್‌ನಲ್ಲಿ ಒಮ್ಮೆಯೂ ಮೇಲೆದ್ದದ್ದಿಲ್ಲ, ದನಿಯೂ ಏರುತ್ತಿರಲಿಲ್ಲ. ಒಂದು ಸಲ ಧೈರ್ಯ ಮಾಡಿ ಕೇಳಿಯೇಬಿಟ್ಟೆ.

“ಮಿಸ್, ಕ್ಲಾಸಲ್ಲಿ ಹೊಡೀತೀರ, ಇಲ್ಲಿ ಯಾಕೆ ಹೊಡಿಯಲ್ಲ?”

“ಅಲ್ಲಿ ಕಾಜಾ ನೆಟ್ಟಗಾಗ್ಬೇಕು ಕಣೇ, ಇಲ್ಲಿ ನೀವು,” ಅಂದರು. ಆ ಉತ್ತರವೂ ನನಗೆ ಪೂರ್ತಿ ಸರಿಯೆನಿಸಿಲ್ಲ, ಇವತ್ತಿಗೂ.

ಗೈಡ್ಸ್‌ನಲ್ಲಿ ಏಳೆಂಟು ಹುಡುಗಿಯರ ಒಂದೊಂದು ಗುಂಪು, ಗುಂಪಿಗೊಬ್ಬಳು ಲೀಡರ್. ಯಾರಾದರೂ ತಪ್ಪು ಮಾಡಿದರೆ ಲೀಡರುಗಳೇ ಸಭೆ ಸೇರಿ ತೀರ್ಮಾನಿಸಬೇಕು. ಕ್ಯಾಪ್ಟನ್ ಅಲ್ಲಿ ಕೂತಿರಬಹುದು, ಆದರೆ ತೀರ್ಮಾನ ಅವರದಲ್ಲ. ಇದು ಪುಸ್ತಕದಲ್ಲಿರುವ ನಿಯಮ, ಎಷ್ಟೋ ಕಡೆ ಪುಸ್ತಕದಲ್ಲೇ ಉಳಿದಿದೆ. ದೊಡ್ಡವರಿಗೆ ಸುಮ್ಮನಿರುವುದು ಅಷ್ಟು ಸುಲಭವಲ್ಲ ಎಂದು ನನಗೀಗ ಗೊತ್ತು. ನಮ್ಮ ಮಿಸ್ ಅದಕ್ಕೊಂದು ದಾರಿ ಕಂಡುಕೊಂಡಿದ್ದರು. ಸೆರಗಿಗೆ ಸದಾ ಒಂದು ಸೂಜಿ ಚುಚ್ಚಿಕೊಂಡಿರುತ್ತಿದ್ದರು. ಸಭೆ ಶುರುವಾದ ಕೂಡಲೆ ಅದನ್ನು ತೆಗೆದು ತುಟಿಗಳ ನಡುವೆ ಕಚ್ಚಿಕೊಳ್ಳುತ್ತಿದ್ದರು. ಬಾಯಲ್ಲಿ ಸೂಜಿ ಇದ್ದವರು ಮಾತಾಡುವ ಹಾಗಿಲ್ಲವಲ್ಲ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಬಿಳಿಗೆರೆ ಕಡೆಯ ಒಂದು ತೆಂಗಿನ ತೋಟದಲ್ಲಿ ಕ್ಯಾಂಪ್ ನಡೆಯಿತು. ಹಳೆಯ ಮರಗಳನ್ನು ಕಡಿದು ಬಯಲಾದ ಜಾಗದಲ್ಲಿ ಟೆಂಟು ಹಾಕಿದ್ದೆವು. ಮರದ ಬುಡದಲ್ಲಿ ಯಾರೂ ಕೂರಬಾರದು, ಮಲಗಬಾರದು ಎಂಬುದು ಮಿಸ್ ಹೇಳಿದ ಮೊದಲ ನಿಯಮ. ಮಧ್ಯಾಹ್ನ ಅವರು ಹಾಲು ತರಲು ತೋಟದವರ ಮನೆಗೆ ಹೋದರು. ನಾವು ಕೆಲವರು ಮೋಟರ್ ಮನೆ ಹತ್ತಿರ ನೀರು ತುಂಬುತ್ತಿದ್ದೆವು. ಚಿಕ್ಕ ಹುಡುಗಿಯರನ್ನು ನೋಡಿಕೊಳ್ಳಲು ಉಳಿದವಳು ಗಿರಿಜಾ, ನನ್ನ ಹಾಗೆಯೇ ನಾಲ್ವರು ಲೀಡರುಗಳಲ್ಲಿ ಒಬ್ಬಳು.

ಬಯಲಿನಲ್ಲಿ ಬಿಸಿಲು ಸುಡುತ್ತಿತ್ತು. ಟಾರ್ಪಾಲಿನ ಒಳಗೆ ಇನ್ನೂ ಧಗೆ. ಗಿರಿಜಾ ಚಿಕ್ಕವರನ್ನೆಲ್ಲ ಎಬ್ಬಿಸಿಕೊಂಡು ಹೋಗಿ ಒಂದು ತೆಂಗಿನ ಮರದ ನೆರಳಲ್ಲಿ ಊಟಕ್ಕೆ ಕೂರಿಸಿದಳು. ನಮ್ಮ ಕಡೆ ತೋಟದ ಮನೆಗಳಲ್ಲಿ ಹುಟ್ಟಿದ ಯಾರೇ ಆಗಿದ್ದರೂ ಹಾಗೇ ಮಾಡುತ್ತಿದ್ದರು. ಕಾಯಿಗೆ ಕಣ್ಣಿದೆ, ಕೆಳಗೆ ಮನುಷ್ಯರಿದ್ದರೆ ನೋಡಿಕೊಂಡು ಬೀಳುತ್ತದೆ ಎಂದು ನಂಬಿ ಬೆಳೆದವರು ನಾವು. ಒಣ ಕಾಯೊಂದು ಬಿತ್ತು. ಒಂದು ಪುಟ್ಟ ಹುಡುಗಿಯ ಮೊಣಕಾಲ ಪಕ್ಕದಲ್ಲಿದ್ದ ಸ್ಟೀಲ್ ತಟ್ಟೆ ರೊಟ್ಟಿ ಮಡಿಸಿದ ಹಾಗೆ ಮಡಚಿಕೊಂಡಿತು. ಗಿರಿಜಾ ಅದು ತಟ್ಟೆಯಲ್ಲ, ಚೊಂಬು ಅನ್ನುತ್ತಾಳೆ. ಇರಬಹುದು… ನನಗೆ ತಟ್ಟೆಯೇ ಕಾಣುವುದು. ಹುಡುಗಿಗೆ ಏನೂ ಆಗಲಿಲ್ಲ. ಆದರೆ ನಾವೆಲ್ಲ ಓಡಿ ಬಂದಾಗ ಅವಳು ಅಳುತ್ತಲೂ ಇರಲಿಲ್ಲ, ಮಾತಾಡುತ್ತಲೂ ಇರಲಿಲ್ಲ. ಬಾಯಲ್ಲಿದ್ದ ತುತ್ತು ಹಾಗೇ ಇತ್ತು.

ಗಿರಿಜಾ ಅಷ್ಟಕ್ಕೇ ತಪ್ಪಾಯ್ತು ಅಂದಿದ್ದರೆ ಮುಗಿಯುತ್ತಿತ್ತು. ಅವಳು ನಡುಗುತ್ತಲೇ ನಕ್ಕುಬಿಟ್ಟಳು. “ನೋಡಿದ್ರಾ, ಕಣ್ಣಿಲ್ದೆ ಇದ್ದಿದ್ರೆ ತಲೆ ಮೇಲೇ ಬೀಳ್ತಿತ್ತು!”

ಆ ನಗು ನಮಗೆ ತಡೆಯಲಾಗಲಿಲ್ಲ. ಮಿಸ್ ಬಂದು ವಿಷಯ ಕೇಳಿ, ಪುಟ್ಟ ಹುಡುಗಿಯನ್ನು ಮಡಿಲಲ್ಲಿ ಕೂರಿಸಿಕೊಂಡೇ ಸಭೆ ಕರೆದರು. ಸೂಜಿ ಬಾಯಿಗೆ ಹೋಯಿತು. ಹೆಚ್ಚು ಮಾತಾಡಿದವಳು ನಾನು. ಗಿರಿಜಾಳನ್ನು ಇವತ್ತೇ ಮನೆಗೆ ಕಳಿಸಬೇಕು ಅಂದೆ. ಇನ್ನೊಬ್ಬ ಲೀಡರ್ ನಾಗರತ್ನ ಹೌದೌದು ಅಂದಳು, ನಾಲ್ಕನೆಯವಳು ಹೂಂ ಎಂದು ತಲೆಯಾಡಿಸಿದಳು. ಮನೆಗೆ ಕಳಿಸುವುದೆಂದರೆ ಏನು ಎಂದು ನಮಗೆಲ್ಲ ಗೊತ್ತಿತ್ತು. ಗಿರಿಜಾಳಿಗೆ ಅಪ್ಪ ಇರಲಿಲ್ಲ, ಸೋದರಮಾವನ ಮನೆಯಲ್ಲಿದ್ದಳು. ಶಾಲೆಯಿಂದ ಒಂದು ದೂರು ಬಂದರೂ ಓದು ಬಿಡಿಸಿ ಕೊಬ್ಬರಿ ಕೆಲಸಕ್ಕೆ ಹಚ್ಚುತ್ತೇನೆ ಎಂದು ಮಾವ ಹೇಳಿಯೇ ಕಳಿಸಿದ್ದ. ಗೊತ್ತಿದ್ದೂ ತೀರ್ಮಾನ ಮಾಡಿದೆವು. ಮಡಚಿಕೊಂಡ ತಟ್ಟೆ ಕಣ್ಣ ಮುಂದೆಯೇ ಇತ್ತು. ಅವತ್ತಿನ ನನ್ನ ಸಿಟ್ಟು ನ್ಯಾಯವಾದದ್ದೇ ಎಂದು ಈಗಲೂ ಹೇಳುತ್ತೇನೆ.

ಮಿಸ್ ಸೂಜಿ ತೆಗೆದು ಸೆರಗಿಗೆ ಚುಚ್ಚಿಕೊಂಡರು.

“ಸರಿ. ತೀರ್ಮಾನ ನಿಮ್ಮದು. ಹೇಳೋರೂ ನೀವೇ. ಅವರ ಮನೆ ಬಾಗಿಲಿಗೆ ಹೋಗಿ, ಮಾವನ ಮುಂದೆ ನಿಂತು ಹೇಳ್ಬೇಕು. ಯಾರು ಬರ್ತೀರಿ?”

ನಾಗರತ್ನ ನನ್ನ ಕಡೆ ಬೆರಳು ತೋರಿಸಿದಳು. “ಇವಳೇ ಮಿಸ್. ಜಾಸ್ತಿ ಮಾತಾಡಿದ್ದು ಇವಳೇ.”

“ಇನ್ನೊಂದು,” ಎಂದರು ಮಿಸ್ ನನಗೆ. “ತಪ್ಪು ಹೇಳಿದ ಮೇಲೆ, ನೀನೇ ಕಣ್ಣಾರೆ ಕಂಡಿರೋ ಅವಳದೊಂದು ಒಳ್ಳೇ ಕೆಲಸಾನೂ ಹೇಳ್ಬೇಕು. ಅವರಿವರು ಹೇಳಿದ್ದಲ್ಲ. ಈಗ ಸಿಗ್ದೆ ಇದ್ರೆ ದಾರೀಲಿ ಹುಡುಕು.”

ಕ್ಯಾಂಪನ್ನು ತೋಟದ ಮನೆಯ ಅಜ್ಜಿಗೂ ನಾಗರತ್ನಳಿಗೂ ಒಪ್ಪಿಸಿ ಹೊರಟೆವು. ಪುಟ್ಟವರೆಲ್ಲ ಆಗ ಅಜ್ಜಿಯ ಜಗುಲಿಯ ಮೇಲಿದ್ದರು. ಮಾವನ ಊರು ತೋಟಗಳ ನಡುವೆ ನಡೆದೇ ಹೋಗುವಷ್ಟು ಹತ್ತಿರ. ಗಿರಿಜಾ ಬಟ್ಟೆ ಚೀಲ ಹೆಗಲಿಗೆ ಹಾಕಿಕೊಂಡು ಮುಂದೆ, ನಾನು ಅವಳ ಪಕ್ಕಕ್ಕೆ, ಮಿಸ್ ಬೇಕೆಂದೇ ದೂರ ಉಳಿದು ಹಿಂದೆ. ಬದುವಿನ ಮೇಲೆ ಬಿಸಿಲು ಓರೆಯಾಗಿತ್ತು.

“ಖುಷಿನೇನೇ ಈಗ?” ಅಂದಳು ಗಿರಿಜಾ.

“ತಪ್ಪು ಮಾಡಿದ್ದು ನಾನಾ?”

“ನಾನೇ ಬುಡು. ಕಾಯಿ ಬಿದ್ದ ವಿಷ್ಯ ಒಂದು ಹೇಳ್ಬೇಡ ಕಣೇ. ಜ್ವರ ಬಂದಿತ್ತು ಅನ್ನು, ಅದಕ್ಕೇ ಕರ್ಕಂಡ್ ಬಂದ್ವಿ ಅನ್ನು.”

“ಹೇಳೋದು ಹೇಳ್ಲೇಬೇಕು.”

“ಹೋಗೇ, ದೊಡ್ಡ ಜಡ್ಜು! ಲಂಗದ ತುಂಬ ಕೆಸರು, ಇವಳು ಜಡ್ಜು.”

ನನಗೆ ನಗು ಬಂತು, ತಡೆದುಕೊಂಡೆ. ಬದು ದಾಟುವಾಗ ಅವಳು ಮುಖ ಆಚೆ ತಿರುಗಿಸಿ ಸ್ಕಾರ್ಫಿನ ತುದಿಯಿಂದ ಕಣ್ಣು ಒರೆಸಿಕೊಂಡಳು. ಮಿಸ್ ಹಿಂದಿನಿಂದ ಕೂಗಿ ನಮ್ಮನ್ನು ಒಂದುಮಾಡಬಹುದಿತ್ತು. ಕೂಗಲಿಲ್ಲ. ಒಳ್ಳೆಯದೊಂದು ಹುಡುಕು ಅಂದಿದ್ದರಲ್ಲ, ನಾನು ಹುಡುಕುತ್ತ ನಡೆದೆ. ಚೆನ್ನಾಗಿ ಹಾಡ್ತಾಳೆ, ಗಂಟು ಬೇಗ ಹಾಕ್ತಾಳೆ… ಇವೆಲ್ಲ ಮಾವನ ಮುಂದೆ ನಿಲ್ಲುವ ಮಾತಲ್ಲ ಅನ್ನಿಸಿತು.

ಮಾವ ಮನೆಯ ಮುಂದೆ ಕೊಬ್ಬರಿ ಕಾಯಿ ರಾಶಿಯ ಪಕ್ಕ ಕೂತಿದ್ದ. ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಬಿಟ್ಟಿದೆಯೇ ಎಂದು ಕೇಳಿ ಬೇರೆ ಮಾಡುತ್ತಿದ್ದ. ನಮ್ಮನ್ನು ನೋಡಿ ಕೈ ನಿಂತಿತು. ನಾನು ಹೇಳಿದೆ. ಎಲ್ಲವನ್ನೂ, ತಟ್ಟೆ ಮಡಚಿಕೊಂಡದ್ದನ್ನೂ, ಅವಳು ನಕ್ಕದ್ದನ್ನೂ. ನನ್ನ ದನಿ ನಡುಗಿತೇ? ಇಲ್ಲ ಅಂತ ನನ್ನ ನೆನಪು. ಆದರೆ ಆ ನೆನಪು ಹೇಳುವುದೂ ನಾನೇ.

“ನಾನು ಅವತ್ತೇ ಹೇಳಿದ್ದೆ,” ಅಂದ ಮಾವ ಗಿರಿಜಾಳಿಗೆ. “ಸಾಕು ನೀನು ಓದಿದ್ದು. ಒಳಗೆ ನಡಿ.”

ಆಗ ಮಿಸ್ ಮುಂದೆ ಬಂದರು. “ಇವಳು ಹೇಳಿದ್ದೆಲ್ಲ ನಿಜ ಕಣ್ರೀ. ಒಂದು ಬಿಟ್ಟಿದ್ದಾಳೆ. ಮಕ್ಕಳನ್ನ ಬಿಸಿಲಲ್ಲಿ ಬಿಟ್ಟು ಹಾಲಿಗೆ ಹೋದೋಳು ನಾನು. ಎಲ್ಲಿ ಕೂರಬಾರ್ದು ಅಂತ ಹೇಳಿದ್ದೆ, ಎಲ್ಲಿ ಕೂರಬೇಕು ಅಂತ ಹೇಳಿರ್ಲಿಲ್ಲ. ಅದು ನನ್ನ ತಪ್ಪು.” ಕೈ ಮುಗಿಯಲಿಲ್ಲ, ತಲೆ ತಗ್ಗಿಸಲಿಲ್ಲ. ಕಾಜಾ ಸೊಟ್ಟಗಾಗಿದೆ ಅನ್ನುವಷ್ಟೇ ನೇರವಾಗಿ ಹೇಳಿದರು. ದೊಡ್ಡವರೊಬ್ಬರು ತಮ್ಮ ತಪ್ಪನ್ನು ಹೀಗೆ ಇನ್ನೊಬ್ಬರ ಅಂಗಳದಲ್ಲಿ ನಿಂತು ಹೇಳಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಆಮೇಲೂ ಹೆಚ್ಚು ಕಂಡಿಲ್ಲ. ಹೇಳಿ ನನ್ನ ಕಡೆ ತಿರುಗಿದರು. “ಇನ್ನೊಂದು ಹೇಳೋದಿತ್ತಲ್ಲ?”

ಆಗ ಸಿಕ್ಕಿತು. ಕಾಯಿ ಬಿದ್ದ ಸದ್ದಿಗೆ ಮೋಟರ್ ಮನೆಯಿಂದ ನಾನು ತಿರುಗಿ ನೋಡಿದಾಗ, ಗಿರಿಜಾ ಒಬ್ಬೊಬ್ಬ ಹುಡುಗಿಯ ರಟ್ಟೆ ಹಿಡಿದು ಬಯಲಿಗೆ ತಳ್ಳುತ್ತಿದ್ದಳು. ಕೊನೆಯವಳು ಹೊರಗೆ ಹೋಗುವವರೆಗೂ ಮರದ ಬುಡ ಬಿಡಲಿಲ್ಲ. ಕತ್ತೆತ್ತಿ ಮೇಲೆ ನೋಡುತ್ತಲೇ ನಿಂತಿದ್ದಳು. ಸಭೆಯಲ್ಲಿ ನಾವು ಕೇಳಿಕೊಂಡಿದ್ದು ತಪ್ಪನ್ನು ಮಾತ್ರ, ಹಾಗಾಗಿ ಇದು ಬಂದೇ ಇರಲಿಲ್ಲ. ಅಂಗಳದಲ್ಲಿ ನಿಂತು ಅದನ್ನೂ ಹೇಳಿದೆ.

ಮಾವ ಕೈಯಲ್ಲಿದ್ದ ಕಾಯಿಯನ್ನು ತಿರುಗಿಸಿ ನೋಡಿದ. “ಕಾಯಿಗೆ ಕಣ್ಣೈತೆ ಅಂತ ಇವಳಿಗೆ ಹೇಳ್ಕೊಟ್ಟೋನು ನಾನೇ ಕಣಮ್ಮ,” ಅಂದ, ನನಗೋ ಮಿಸ್‌ಗೋ ತಿಳಿಯದ ಹಾಗೆ.

ಮಿಸ್ ಆ ಮಾತನ್ನೇ ಹಿಡಿದುಕೊಂಡು ಅವನನ್ನು ಗೆಲ್ಲಬಹುದಿತ್ತು. ಅವರು ನನ್ನನ್ನೇ ಕೇಳಿದರು: “ಸಭೆ ಕಡೆಯಿಂದ ಬಂದೋಳು ನೀನು. ಬಿಟ್ಟು ಹೋಗೋದಾ, ಕರ್ಕೊಂಡು ಹೋಗೋದಾ?”

“ಕರ್ಕೊಂಡು ಹೋಗೋಣ ಮಿಸ್.”

“ಅಯ್ಯೋ, ಮತ್ತೆ ಇಲ್ಲೀಗಂಟ ಕರ್ಕಂಡ್ ಬಂದಿದ್ಯಾಕ್ರಮ್ಮಾ?” ಅಂದಳು ಬಾಗಿಲಲ್ಲಿ ನೀರಿನ ಚೊಂಬು ಹಿಡಿದು ನಿಂತಿದ್ದ ಅತ್ತೆ. ಮಾವ ಬೇಡ ಅನ್ನಲಿಲ್ಲ. ಹೂಂ ಅಂದನೋ, ಬರೀ ಸುಮ್ಮನಾದನೋ… ಅದು ನನಗೆ ಖಚಿತವಿಲ್ಲ. ಗಿರಿಜಾ ಚೀಲ ಇಳಿಸಿಯೇ ಇರಲಿಲ್ಲ, ಹಾಗೇ ತಿರುಗಿ ಹೊರಟಳು. ಮುಂದಿನ ವರ್ಷ ಹತ್ತನೇ ಕ್ಲಾಸಿನಲ್ಲಿ ನನ್ನ ಪಕ್ಕದಲ್ಲೇ ಕೂತಳು.

ಕತೆ ಇಲ್ಲಿಗೆ ಮುಗಿದರೆ ಚೆಂದ, ಆದರೆ ಹಾಗಾಗಲಿಲ್ಲ. ಕ್ಯಾಂಪಿಗೆ ವಾಪಸ್ ಬಂದಾಗ ನಾಗರತ್ನ ಕೆಂಡವಾದಳು. “ಎಲ್ರೂ ಸೇರಿ ಮಾಡಿದ್ದನ್ನ ಒಬ್ಳೇ ಮುರಿಯೋಕೆ ನೀನ್ಯಾರೇ? ಮಹಾರಾಣಿನಾ?” ಮತ್ತೆ ಸಭೆ ಸೇರಿತು, ಈ ಸಲ ನನ್ನ ಮೇಲೆ. ನಾನು ಮಿಸ್ ಮುಖ ನೋಡಿದೆ. ಕರೆದುಕೊಂಡು ಹೋಗುವುದೋ ಬಿಡುವುದೋ ಎಂದು ಕೇಳಿದವರೇ ಅವರಲ್ಲವೇ? ಅವರ ಬಾಯಲ್ಲಿ ಸೂಜಿ ಇತ್ತು. ಗಿರಿಜಾ ಕ್ಯಾಂಪಿನಲ್ಲಿ ಉಳಿಯಬಹುದು, ಆದರೆ ಲೀಡರ್ ಪಟ್ಟಿ ಬಿಚ್ಚಿಡಬೇಕು ಎಂದಾಯಿತು. ನನಗೆ, ಕ್ಯಾಂಪ್ ಮುಗಿಯುವವರೆಗೆ ಎಲ್ಲರ ಅಡಿಗೆ ಪಾತ್ರೆ. ತಳ ಹಿಡಿದ ದೊಡ್ಡ ಪಾತ್ರೆಯನ್ನು ನಾರು, ಬೂದಿ ಹಾಕಿ ಉಜ್ಜುತ್ತಿದ್ದಾಗ ಗಿರಿಜಾ ಬಂದು ಎದುರು ಕೂತು ಇನ್ನೊಂದು ಅಂಚು ಹಿಡಿದುಕೊಂಡಳು. “ಸರಿಯಾಗಿ ಉಜ್ಜೇ ಜಡ್ಜಮ್ಮಾ,” ಅಂದಳು. ಆ ಶಿಕ್ಷೆಯೂ ನ್ಯಾಯವಾದದ್ದೇ. ಅಂಗಳದಲ್ಲಿ ನಾನು ಹೇಳಿದ ಮಾತೂ ಸರಿಯಾದದ್ದೇ. ಇವೆರಡೂ ಹೇಗೆ ಒಟ್ಟಿಗೆ ನಿಲ್ಲುತ್ತವೆ ಎಂದು ಮಿಸ್ ವಿವರಿಸಲಿಲ್ಲ.

ಹೋದ ವರ್ಷ ಅವರು ತೀರಿಕೊಂಡ ಸುದ್ದಿ ನಮಗೆ ತಡವಾಗಿ ಮುಟ್ಟಿತು. ನಾನೂ ಗಿರಿಜಾಳೂ ಅವರ ಮನೆ ತಲುಪಿದಾಗ ಅಂಗಳ ತೊಳೆದಾಗಿತ್ತು. ಗಿರಿಜಾ ಈಗ ಬಸ್ ಕಂಡಕ್ಟರ್. ಎರಡು ಟ್ರಿಪ್ಪಿನ ನಡುವೆ ಯೂನಿಫಾರಮಿನಲ್ಲೇ ಬಂದಿದ್ದಳು. ವಾಪಸ್ ಬರುವಾಗ, ಇಷ್ಟು ವರ್ಷ ಮಿಸ್ ಹತ್ತಿರ ಕೇಳದೆ ಉಳಿಸಿಕೊಂಡಿದ್ದನ್ನು ಅವಳ ಹತ್ತಿರ ಕೇಳಿದೆ.

“ಅವತ್ತು ನಾನು ಬಿಟ್ಟು ಹೋಗೋಣ ಅಂದಿದ್ರೆ ಮಿಸ್ ಏನು ಮಾಡ್ತಿದ್ರೇ?”

“ಬಿಟ್ಟೇ ಹೋಗ್ತಿದ್ರು,” ಅಂದಳು ತಕ್ಷಣ. “ಅದು ನಂಗೆ ಅಲ್ಲೇ ಗೊತ್ತಾಯ್ತು ಕಣೇ. ಅದಕ್ಕೇ ಅವರ ಮುಖ ನೋಡ್ಲೇ ಇಲ್ಲ, ನಿನ್ನ ಮುಖಾನೇ ನೋಡ್ತಾ ನಿಂತಿದ್ದೆ.”

ನನ್ನ ನೆನಪಿನಲ್ಲಿ ಅವಳು ನೋಡುತ್ತಿದ್ದುದು ಮಿಸ್ ಮುಖವನ್ನು. ಬಿಟ್ಟು ಬರುತ್ತಿದ್ದರು ಎಂದು ನಾನು ನಂಬುವುದಿಲ್ಲ. ಏನಾದರೂ ಮಾಡುತ್ತಿದ್ದರು, ಬೇರೆ ಯಾವ ದಾರಿಯಿಂದಲಾದರೂ ಮಾರನೆಯ ದಿನ ಅವಳನ್ನು ಕರೆತರುತ್ತಿದ್ದರು. ಗಿರಿಜಾ ತಲೆಯಾಡಿಸಿ, ಇಲ್ಲ ಅನ್ನುತ್ತಾಳೆ. ಅಂಗಳದಲ್ಲಿ ಚೀಲ ಹೊತ್ತು ನಿಂತವಳು ಅವಳು, ಆದ್ದರಿಂದ ಅವಳ ಮಾತಿಗೆ ತೂಕ ಹೆಚ್ಚು. ಆದರೂ ನಾನು ಬಿಟ್ಟುಕೊಟ್ಟಿಲ್ಲ.

ನಾಳಿದ್ದು ನನ್ನ ಶಾಲೆಯ ಗೈಡ್ ಹುಡುಗಿಯರ ಕ್ಯಾಂಪ್, ಹಂದನಕೆರೆ ಹತ್ತಿರ. ಈಗ ಅವರ ಕ್ಯಾಪ್ಟನ್ ನಾನು. ಹೋದ ಸಲ ಅವರು ಸಭೆಯಲ್ಲಿ ಒಬ್ಬಳ ಮೇಲೆ ಮಾಡಿದ ತೀರ್ಮಾನ ನನಗೆ ಒಪ್ಪಿಗೆಯಾಗಿರಲಿಲ್ಲ. ನಾನು ಬಾಯಿ ಬಿಡಲಿಲ್ಲ. ಹುಡುಗಿಯರೇ ಸರಿಪಡಿಸಿಕೊಂಡರು. ಈ ಸಲವೂ ಅಂಥದ್ದೇನಾದರೂ ಬಂದೇ ಬರುತ್ತದೆ, ಈ ಸಲವೂ ಅವರೇ ತೀರ್ಮಾನಿಸುತ್ತಾರೆ. ಆದರೆ ಅವರು ಸರಿಪಡಿಸಿಕೊಳ್ಳದೇ ಹೋದ ದಿನ ಕ್ಯಾಪ್ಟನ್ ಆದವಳು ಎಲ್ಲಿಯವರೆಗೆ ಸುಮ್ಮನಿರಬೇಕು? ಅದನ್ನು ಕೇಳಬೇಕಾದವರ ಮನೆಗೆ ಈಗ ಬೀಗ ಬಿದ್ದಿದೆ.