ಲಿಂಗಕ್ಕೆ ತೋರಿಸದ ಗುಳಿಗೆ

ನಮ್ಮ ಅತ್ತೆಯ ಮನೆಯಲ್ಲಿ ಒಂದು ಕಟ್ಟಳೆಯಿತ್ತು. ಜಳಕ ಮಾಡಿ, ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮುಗಿಸುವ ತನಕ ಒಂದು ಗುಟುಕು ನೀರೂ ಗಂಟಲಿಗೆ ಇಳಿಯುವಂತಿಲ್ಲ. ಆಮೇಲಾದರೂ ಅಷ್ಟೇ. ರೊಟ್ಟಿಯಾಗಲಿ, ಬೆಲ್ಲದ ಚೂರಾಗಲಿ, ಮೊದಲು ಲಿಂಗಕ್ಕೆ ತೋರಿಸಬೇಕು, ಆಮೇಲೆ ಬಾಯಿಗೆ. "ತೋರಿಸಿ ತಿಂದ್ರ ಪ್ರಸಾದ, ತೋರಿಸ್ದೇ ತಿಂದ್ರ ಕಳವು" ಎಂದು ನಾನು ಅಫಜಲಪುರದ ಆ ಮನೆಗೆ ಕಾಲಿಟ್ಟ ದಿನವೇ ಅತ್ತೆ ಹೇಳಿದ್ದರು. ಜೇವರ್ಗಿ ಕಡೆಯ ನನ್ನ ತವರಿನಲ್ಲೂ ಲಿಂಗಪೂಜೆ ಇತ್ತು, ಇಷ್ಟು ಬಿಗಿ ಇರಲಿಲ್ಲ. ನನ್ನವ್ವ ಚಹಾ ಕುಡಿದೇ ಜಳಕಕ್ಕೆ ಹೋಗುತ್ತಿದ್ದಳು.

ಚಹಾ ಬಿಡುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಗುಳಿಗೆ ಶುರುವಾದ ಮೇಲೆ.

ಮಗಳಿಗೆ ಮೂರು ವರ್ಷವಾಗಿದ್ದಾಗ ನನ್ನ ಮನಸ್ಸು ಕುಸಿದು ಕೂತಿತು. ಕಾರಣ ಕೇಳಬೇಡಿ, ಕೇಳಿದವರ ಮೇಲೆಲ್ಲ ಸಿಟ್ಟು ಮಾಡಿದ್ದೇನೆ. ಉಣ್ಣಲು ಉಡಲು ಕೊರತೆ ಇರಲಿಲ್ಲ, ಮಣ್ಣೂರಿನ ಶಾಲೆಯಲ್ಲಿ ಮಾಸ್ತರನಾಗಿದ್ದ ಗಂಡ ಕೈ ಎತ್ತಿದವನಲ್ಲ. ಆದರೂ ಬೆಳಗಾದರೆ ಎದೆಯ ಮೇಲೆ ಬೀಸುಕಲ್ಲು ಇಟ್ಟಂತೆ. ಮಗಳ ಜಡೆ ಹಾಕಲು ಕೂತರೆ ಕೂದಲನ್ನು ಮೂರು ಎಳೆ ಮಾಡುವಷ್ಟರಲ್ಲಿ ಅಳು ಬರುತ್ತಿತ್ತು. ಮಗು ಅರ್ಧ ಹೆಣೆದ ಜಡೆಯಲ್ಲೇ ಓಣಿಯೆಲ್ಲ ತಿರುಗುತ್ತಿತ್ತು. ಒಂದು ದಿನ "ನಾ ಸತ್ತರ ನಿಮಗೆಲ್ಲ ಛಲೋ ಆಗ್ತದ" ಎಂದು ಬಾಯಿಬಿಟ್ಟು ಅಂದೆ. ಗಂಡ ಹೆದರಿ ಮರುದಿನವೇ ರಜೆ ಹಾಕಿ ಗುಲ್ಬರ್ಗಕ್ಕೆ ಕರೆದುಕೊಂಡು ಹೋದ. ದವಾಖಾನೆಯ ಬೋರ್ಡಿನ ಮೇಲೆ 'ಮಾನಸಿಕ ರೋಗ' ಎಂದು ಬರೆದದ್ದು ನೋಡಿ ನಾನು ಸೆರಗನ್ನು ಹಣೆಯ ತನಕ ಎಳೆದುಕೊಂಡೆ.

"ಅವ್ವಗ ಹೊಟ್ಟಿಬ್ಯಾನಿ ಅಂತ ಹೇಳೂಣು," ಎಂದ ಗಂಡ, ತಿರುಗಿ ಬರುವಾಗ ಬಸ್ಸಿನಲ್ಲಿ. ನಾನು ಹೂಂ ಎಂದೆ.

ಯಾಕೆ ಸುಳ್ಳು ಹೇಳಬೇಕಾಯಿತು ಎಂದರೆ, ನಮ್ಮ ಮನೆಯಿಂದ ಮೂರನೆಯ ಮನೆಯ ಸೊಸೆಗೂ ಹೀಗೇ ಆಗಿತ್ತು. ಆಳಂದ ಕಡೆಯ ಹುಡುಗಿ, ಬಹಳ ಮೆದು ಮಾತಿನವಳು. 'ತಲಿ ಕೆಟ್ಟದ' ಎಂದು ಅವಳ ಅತ್ತೆ ಒಂದು ಟ್ರಂಕಿನ ಸಮೇತ ಅವಳನ್ನು ಬಸ್ಸು ಹತ್ತಿಸಿದಳು. ಆರಾಮಾದ ಮೇಲೆ ಕರೆದುಕೊಂಡು ಬರುತ್ತೇವೆ ಎಂದು ಹೇಳಿದ್ದರು. ಕರೆದುಕೊಂಡು ಬರಲಿಲ್ಲ. ಅವಳ ಕೂಸು ಮಾತ್ರ ಇಲ್ಲೇ ಉಳಿಯಿತು. ಆ ಕೂಸು ನಮ್ಮ ಮಗಳ ಜೊತೆ ಆಡಲು ಬಂದಾಗಲೆಲ್ಲ ನಾನು ಎದ್ದು ಒಳಗೆ ಹೋಗುತ್ತಿದ್ದೆ. ಅತ್ತೆಗೆ ಗೊತ್ತಾದರೆ ನನ್ನ ಟ್ರಂಕೂ ಜೇವರ್ಗಿಯ ಬಸ್ಸು ಹತ್ತುತ್ತದೆ, ಮಗಳು ಇಲ್ಲಿ ಉಳಿಯುತ್ತಾಳೆ. ಇಷ್ಟು ನನಗೆ ಖಾತ್ರಿಯಿತ್ತು.

ಡಾಕ್ಟರು ಕೊಟ್ಟದ್ದು ಹಳದಿ ಗುಳಿಗೆ, ರಾತ್ರಿ ಊಟದ ಮೇಲೆ. ಅದನ್ನು ತೊಗರಿಬೇಳೆಯ ಡಬ್ಬಿಯಲ್ಲಿ ಬೇಳೆಯ ಕೆಳಗೆ ಹುಗಿದಿಟ್ಟೆ. ಸುಳ್ಳು ಹೇಳಬಾರದು, ಅದರಿಂದ ಗುಣವಾಯಿತು. ಒಂದು ತಿಂಗಳಲ್ಲಿ ಮಗಳ ಜಡೆ ತುದಿಯ ತನಕ ಹೆಣೆದೆ, ರಿಬ್ಬನ್ನೂ ಕಟ್ಟಿದೆ. ಆದರೆ ಗುಳಿಗೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದುಕೊಳ್ಳುತ್ತಿತ್ತು. ಬೆಳಿಗ್ಗೆ ಎದ್ದರೆ ನಾಲಿಗೆ ಅಂಗುಳಕ್ಕೆ ಅಂಟಿರುತ್ತಿತ್ತು, ಉಗುಳು ನುಂಗಲು ಉಗುಳೇ ಇಲ್ಲ. ಮನೆಯಲ್ಲಿ ಹಿರಿಯರ ಜಳಕ ಮೊದಲು, ಪೂಜೆ ಮೊದಲು. ಅತ್ತೆ ಸಾವಕಾಶವಾಗಿ ವಿಭೂತಿ ಹಚ್ಚಿ, ಪತ್ರೆ ಏರಿಸಿ, ಕಣ್ಣು ಮುಚ್ಚಿ ಕೂತರೆ ನಾನು ನೀರಿನ ಕೊಡದ ಮುಂದೆ ನಿಂತು ನೀರನ್ನೇ ನೋಡುತ್ತಿದ್ದೆ. ಹೊಟ್ಟೆಯಂತೂ ಕಟ್ಟಿಬಿಟ್ಟಿತ್ತು. ಹೊಟ್ಟೆಬೇನೆ ಎಂಬ ಸುಳ್ಳು ಹೀಗೆ ತಾನೇ ನಿಜವಾಯಿತು. ಅತ್ತೆ ಔಡಲೆಣ್ಣೆ ಕುಡಿಸಿದರು, ಅಜವಾನ ಜಗಿಸಿದರು. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು ಎಲ್ಲ ನುಂಗಿದೆ.

ಅವೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಕೈ ನಡುಕ. ಎಡ ಅಂಗೈಯ ಮೇಲೆ ಲಿಂಗ ಇಟ್ಟುಕೊಂಡರೆ ಬೆರಳು ಸಣ್ಣಗೆ ನಡುಗುತ್ತಿದ್ದವು. ಮೇಲೆ ಹಾಕಿದ ನೀರು ಅಲುಗುವುದು ಕಾಣುತ್ತಿತ್ತು. ಲಿಂಗ ನೆಲಕ್ಕೆ ಬಿದ್ದರೆ ಪ್ರಾಣವೇ ಬಿದ್ದಂತೆ ಎಂದು ನಂಬಿದ ಮನೆ ಅದು. ನಾನೂ ನಂಬಿದ್ದೆ, ಈಗಲೂ ನಂಬುತ್ತೇನೆ.

"ಕೈ ಯಾಕ ನಡಗಾಕತ್ತದ?" ಎಂದರು ಅತ್ತೆ ಒಂದು ದಿನ.

"ಥಂಡಿ ಅತ್ತಿ."

"ಈ ಬ್ಯಾಸಿಗ್ಯಾಗ?"

ನಾನು ಲಿಂಗಕ್ಕೆ ಪತ್ರೆ ಏರಿಸತೊಡಗಿದೆ.

ಎರಡು ವರ್ಷ ಹೀಗೇ ಕಳೆಯಿತು. ತೊಂಬತ್ತರ ದಶಕ ಆಗತಾನೇ ಶುರುವಾಗಿತ್ತು. ಒಂದು ಸಲ ಡಾಕ್ಟರ ಮುಂದೆ ನಡುಗುವ ಕೈ ಚಾಚಿ, "ಇದನ್ನ ನಿಲ್ಲಸ್ರಿ, ಇಲ್ಲಾ ನಿಮ್ಮ ಗುಳಿಗಿ ನೀವೇ ಇಟಗೋರ್ರಿ" ಎಂದು ಜಗಳವನ್ನೇ ತೆಗೆದೆ. ಗಂಡ ನಾಚಿ ಗೋಡೆ ನೋಡಿದ. ಡಾಕ್ಟರು ಸಿಟ್ಟಾಗಲಿಲ್ಲ. ಹೊಸದೊಂದು ಬಂದಿದೆ, ನೋಡೋಣ ಎಂದರು. ಅರ್ಧ ಹಸಿರು, ಅರ್ಧ ಬಿಳಿ ಬಣ್ಣದ ಕ್ಯಾಪ್ಸೂಲು, ಬೆಳಿಗ್ಗೆ ತೆಗೆದುಕೊಳ್ಳುವಂಥದ್ದು.

"ಹಳೇದನ್ನ ಒಮ್ಮೆಲೇ ಬಿಡಬ್ಯಾಡ್ರಿ. ಎರಡು ವಾರ ಸ್ವಲ್ಪ ಸ್ವಲ್ಪ ಕಡಿಮಿ ಮಾಡ್ರಿ, ಆಮ್ಯಾಲ ಹೊಸದು. ಹೊಸದು ಕೆಲಸ ಮಾಡಾಕ ಮೂರು ನಾಕು ವಾರ ಬೇಕು. ಅಷ್ಟರಾಗ ವಾಕರಿಕಿ ಬರ್ತದ, ನಿದ್ದಿ ಕೆಡತದ. ಹೆದರಿ ನಿಲ್ಲಸಬ್ಯಾಡ್ರಿ," ಎಂದು ಎರಡೆರಡು ಸಲ ಹೇಳಿದರು.

ಕೇಳಿದೆನೇ? ಮೂರನೆಯ ದಿನಕ್ಕೇ ಹಳದಿ ಗುಳಿಗೆಗಳನ್ನೆಲ್ಲ ಬಚ್ಚಲಿಗೆ ಸುರಿದು, ಪೀಡೆ ತೊಲಗಿತು ಎಂದುಕೊಂಡೆ. ನನ್ನ ಸಿಟ್ಟು ಯಾವಾಗಲೂ ನನ್ನ ಕೊರಳಿಗೇ ಬಂದಿದೆ. ಮೈಯೆಲ್ಲ ಬೆವರು, ತಲೆ ತಿರುಗು, ಹುಚ್ಚು ಹುಚ್ಚು ಕನಸು. ಅದರ ಹಿಂದೆಯೇ ಆ ಹಳೆಯ ಬೀಸುಕಲ್ಲು ಮತ್ತೆ ಎದೆ ಮೇಲೆ ಬಂದು ಕೂತಿತು. ಹೊಸ ಕ್ಯಾಪ್ಸೂಲು ಶುರು ಮಾಡಿದಾಗ ವಾಕರಿಕೆಯೂ ಸೇರಿತು. ಪೂಜೆ ಮುಗಿದ ಮೇಲೆ, ಅತ್ತೆ ಹಿತ್ತಲಿಗೆ ಹೋದ ಹೊತ್ತು ನೋಡಿ, ಕಳ್ಳಿಯ ಹಾಗೆ ಬೇಳೆ ಡಬ್ಬಿಯಲ್ಲಿ ಕೈ ಹಾಕಿ ನುಂಗುತ್ತಿದ್ದೆ. ಅರ್ಧ ತಾಸಿಗೆ ಬಚ್ಚಲಿಗೆ ಓಡಿ ಕಾರುತ್ತಿದ್ದೆ. ಕೂತಲ್ಲಿ ಕೂಡಲಾಗದು, ನಿಂತಲ್ಲಿ ನಿಲ್ಲಲಾಗದು. ಕೈ ನಡುಕ ಹೋಗಿರಲಿಲ್ಲ. ಮಗಳಿಗೆ ಆಗ ಐದು ವರ್ಷ. "ಅವ್ವಾ, ಇವತ್ತ ಜಡಿ ಹಾಕ್ತಿ?" ಎಂದು ಕೇಳಿ, ನನ್ನ ಮುಖ ನೋಡಿ ತಾನೇ ಹೋಗಿಬಿಡುತ್ತಿದ್ದಳು. ಅದು ನೆನಪಾದರೆ ಈಗಲೂ ಕಣ್ಣು ತುಂಬುತ್ತದೆ.

ನಾನು ಕಾರುವುದನ್ನು ಅತ್ತೆ ನೋಡಿದರು. ಒಂದು ದಿನ ನೋಡಿದರು, ಎರಡು ದಿನ ನೋಡಿದರು. ಮೂರನೆಯ ದಿನ ಬೆನ್ನು ಸವರಿ, "ನೀರ ಸೇದಬ್ಯಾಡ ತಂಗಿ, ನಾ ತರ್ತೇನಿ" ಎಂದರು. ತಂಗಿ! ಏಳು ವರ್ಷದಲ್ಲಿ 'ಏ ಬೇ' ಬಿಟ್ಟು ಬೇರೆ ಕರೆದವರಲ್ಲ. ಮಧ್ಯಾಹ್ನ ಯಾರ ಮನೆಯಿಂದಲೋ ಹುಣಸೆಕಾಯಿ ತಂದು ಉಪ್ಪು ಹಚ್ಚಿ ಕೊಟ್ಟರು. ಆಗ ನನಗೆ ತಿಳಿಯಿತು, ಇವರು ನಾನು ಬಸುರಿ ಎಂದುಕೊಂಡಿದ್ದಾರೆ.

ಬೇರೆ ಮನೆಯಾಗಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲ. ಲಿಂಗ ಕಟ್ಟಿದವರಿಗೆ ಮುಟ್ಟಿನ ಸೂತಕವಿಲ್ಲ. ಆ ದಿನಗಳಲ್ಲೂ ಹೊರಗೆ ಕೂಡುವುದಿಲ್ಲ, ಪೂಜೆ, ಅಡುಗೆ ಎಲ್ಲ ನಡೆದೇ ಇರುತ್ತದೆ. ನನ್ನ ತಿಂಗಳ ಲೆಕ್ಕ ಅತ್ತೆಗೆ ತಿಳಿಯುವ ದಾರಿಯೇ ಇರಲಿಲ್ಲ.

ಆ ದಿನವೇ ಹೇಳಬೇಕಿತ್ತು. ಹೇಳಲಿಲ್ಲ. ಎಂಟು ದಿನ ಸುಮ್ಮನಿದ್ದೆ. ಹೆದರಿಕೆ ಒಂದು ಕಾರಣ, ಅದು ನಿಜ. ಇನ್ನೊಂದು ಕಾರಣವನ್ನೂ ಬರೆದೇಬಿಡುತ್ತೇನೆ: ಆ ಅಕ್ಕರೆ ನನಗೆ ಬೇಕಾಗಿತ್ತು. ಮನಸ್ಸಿನ ಬೇನೆಗೆ ಯಾರೂ ಬೆನ್ನು ಸವರುವುದಿಲ್ಲ. ಇಲ್ಲದ ಬಸುರಿಗೆ ಬಂದ ಅಕ್ಕರೆಯನ್ನು ನಾನು ಕದ್ದು ಉಂಡೆ.

ಒಂಬತ್ತನೆಯ ದಿನ ಬೆಳಿಗ್ಗೆ ನಾನು ಪೂಜೆಗೆ ಕೂತಿದ್ದೆ. ಅಂಗೈಯಲ್ಲಿ ಲಿಂಗವಿತ್ತು. ಅತ್ತೆ ತಮ್ಮ ಪೆಟ್ಟಿಗೆಯಿಂದ ಒಂದು ಬಿಳಿ ಬಟ್ಟೆಯ ಗಂಟು ತಂದು ನನ್ನ ಮುಂದೆ ಬಿಚ್ಚಿದರು. ಒಳಗೆ ಒಂದು ಸಣ್ಣ ಲಿಂಗ. ನಮ್ಮಲ್ಲಿ ಎಂಟನೆಯ ತಿಂಗಳಲ್ಲಿ ಮಠದ ಅಯ್ಯನವರನ್ನು ಕರೆಸಿ ಹೊಟ್ಟೆಯೊಳಗಿನ ಕೂಸಿಗೂ ಲಿಂಗ ಕಟ್ಟಿಸುತ್ತಾರೆ.

"ಇದನ್ನ ಯಾವಾಗೋ ತಂದಿಟ್ಟೀನಿ," ಎಂದರು. "ಸಾಯೂದರಾಗ ಕಟ್ಟತೇನೋ ಇಲ್ಲೋ ಅನಕೊಂಡಿದ್ದೆ. ಅಯ್ಯನವರಿಗಿ ಈಗೇ ಹೇಳಿಡ್ತೇನಿ."

ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಹೇಗೆ ಸುಳ್ಳು ಹೇಳಲಿ?

"ಅತ್ತೀ, ನಾ ಬಸುರಿಲ್ಲರಿ."

"ಮತ್ತ ವಾಂತಿ?"

"ಗುಳಿಗಿಯಿಂದರಿ. ಮನಸಿನ ಬ್ಯಾನಿಗಿ ತಗೋತೇನಿ, ಬ್ಯಾಳಿ ಡಬ್ಬ್ಯಾಗ ಮುಚ್ಚಿಟ್ಟು. ಎರಡ ವರ್ಷಾತು. ಹೊಟ್ಟಿಬ್ಯಾನಿ ಅಂದದ್ದು ಸುಳ್ಳರಿ."

ಅವರು ನನ್ನನ್ನು ನೋಡಿದರು, ನನ್ನ ನಡುಗುವ ಕೈ ನೋಡಿದರು. ಆ ಸಣ್ಣ ಲಿಂಗವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು, ಕೀಲಿ ಹಾಕಿದರು. ಆ ಕೀಲಿಯ ಸದ್ದು ಕೇಳಿ ನನ್ನ ಜೀವ ಹಾರಿತು.

ದಿನವಿಡೀ ಮಾತಿಲ್ಲ. ರೊಟ್ಟಿ ಬಡಿದೆ, ಉಂಡರು. ತಾಟು ತಿಕ್ಕಿದೆ, ನೋಡಲಿಲ್ಲ. ನಾನು ಎರಡು ಸೀರೆ ಮಡಚಿ ಟ್ರಂಕಿನ ಮೇಲೆ ಇಟ್ಟೆ. ಹೇಗೂ ಕಳಿಸುತ್ತಾರೆ, ಅಳುತ್ತಾ ಮಡಚುವುದಕ್ಕಿಂತ ಮೊದಲೇ ಮಡಚಿಡುವುದು ಮೇಲು. ಮಗಳನ್ನು ಕರೆದು ಜಡೆ ಹಾಕಿದೆ. ನಡುವೆ ಎರಡು ಸಲ ಅಳು ಬಂತು, ಆದರೂ ತುದಿಯ ತನಕ ಹೆಣೆದೆ.

ಸಂಜೆ ಬಸ್ಸಿಳಿದು ಬಂದ ಗಂಡ ಚಪ್ಪಲಿ ಬಿಡುವ ಮೊದಲೇ ಅತ್ತೆ ಶುರು ಮಾಡಿದರು.

"ಎರಡ ವರ್ಷದಿಂದ ಗುಳಿಗಿ ನುಂಗಾಕತ್ತಾಳಂತ. ನಿನಗ ಗೊತ್ತಿತ್ತೋ ಇಲ್ಲೋ?"

"ಗೊತ್ತಿತ್ತವ್ವಾ."

"ಗೊತ್ತಿತ್ತು! ಎರಡ ವರ್ಷ, ಒಂದ ದಿನಾನೂ ಲಿಂಗಕ್ಕ ತೋರಿಸ್ದೇ ನುಂಗ್ಯಾಳ. ಬ್ಯಾಳಿ ಡಬ್ಬ್ಯಾಗ ಹುಗಿದಿಟ್ಟು, ಕಳ್ಳರ ಗತೆ! ನೀ ಮಾಸ್ತರ ಆಗಿ ಏನ್ ಕಲಿಸಿದಿ ಆಕಿಗಿ?"

ನಾನು ಒಳಬಾಗಿಲ ಹತ್ತಿರ ಟ್ರಂಕಿನ ಪಕ್ಕ ನಿಂತಿದ್ದೆ. ಅತ್ತೆ ನನ್ನ ಕಡೆ ತಿರುಗಿದರು.

"ಅದಕ್ಕ ನಿನ್ನ ಮೈಗೆ ಹತ್ತಿಲ್ಲ ಆ ಗುಳಿಗಿ. ಪ್ರಸಾದ ಆಗಿದ್ರ ಹತ್ತತಿತ್ತು. ಏನ್ ನೋಡ್ತಿ? ಸೀರಿ ಯಾಕ ಹೊರಗ ಬಿದ್ದಾವ, ಎತ್ತಿಡು!"

ನಾನು ಅಲ್ಲೇ ಕೂತು ಅಳತೊಡಗಿದೆ. ಎರಡು ವರ್ಷದಲ್ಲಿ ಹಾಗೆ ಜೋರಾಗಿ, ಯಾರಿಗೂ ಕೇಳಿಸೀತು ಎಂಬ ಹೆದರಿಕೆ ಇಲ್ಲದೆ ಅತ್ತದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ನಾನು ಎದ್ದಾಗ ನೀರು ಕಾದಿತ್ತು. "ಹೋಗ, ಮೊದಲ ನೀ ಜಳಕ ಮಾಡು. ಬಾಯಿ ಒಣಗಿರ್ತದ," ಎಂದರು. ಪೂಜೆಗೆ ಮೊದಲು ನೀರು ಕುಡಿ ಎಂದು ಅವರು ಸಾಯುವ ತನಕ ಹೇಳಲಿಲ್ಲ. ಆದರೆ ಅವತ್ತಿನಿಂದ ನಮ್ಮ ಮನೆಯಲ್ಲಿ ಸೊಸೆಯ ಜಳಕ ಮೊದಲಾಯಿತು. ಪೂಜೆಗೆ ಕೂತಾಗ ಪತ್ರೆಯ ತಾಟಿನಲ್ಲೇ ಆ ಹಸಿರು ಬಿಳಿ ಕ್ಯಾಪ್ಸೂಲು ಇಟ್ಟಿದ್ದರು. ನನ್ನ ಕೈ ನಡುಗುತ್ತಲೇ ಇತ್ತು. ಮುಚ್ಚಿಕೊಳ್ಳಲು ಹೋದೆ.

"ನಡಗಲಿ ಬಿಡು. ಬಿದ್ದಿಲ್ಲಲ್ಲ," ಎಂದರು.

ಕ್ಯಾಪ್ಸೂಲನ್ನು ಲಿಂಗಕ್ಕೆ ತೋರಿಸಿ ನುಂಗಿದೆ. ಅವತ್ತೂ ವಾಂತಿಯಾಯಿತು. ಪ್ರಸಾದವೆಂದರೆ ಕೂಡಲೇ ಎಲ್ಲ ನೆಟ್ಟಗಾಗುವುದಿಲ್ಲ. ಮುಂದಿನ ತಿಂಗಳು ಗುಲ್ಬರ್ಗಕ್ಕೆ ಹೋಗುವಾಗ ಅತ್ತೆಯೇ ಜೊತೆಗೆ ಬಂದರು. ಚೌಡಾಪುರದಲ್ಲಿ ಬಸ್ಸು ನಿಂತು, ಕರಿದ ಮೆಣಸಿನಕಾಯಿ ಭಜಿಯ ವಾಸನೆಗೆ ನನಗೆ ಹೊಟ್ಟೆ ತೊಳಸಿದಾಗ ತಮ್ಮ ಸೆರಗನ್ನೇ ನನ್ನ ಮೂಗಿಗೆ ಹಿಡಿದರು. ಡಾಕ್ಟರ ಮುಂದೆ ಕೂತು, ಹಳೆಯ ಗುಳಿಗೆ ಬಚ್ಚಲಿಗೆ ಸುರಿದದ್ದನ್ನೂ ನನ್ನ ಬಾಯಿಂದಲೇ ಹೇಳಿಸಿದರು. ನಾಲ್ಕನೆಯ ವಾರ ದಾಟಿದ ಮೇಲೆ ವಾಕರಿಕೆ ನಿಂತಿತು, ಬೀಸುಕಲ್ಲು ದಿನಕ್ಕಿಷ್ಟು ಹಗುರಾಯಿತು. ನಡುಕ ಸಣ್ಣದಾಯಿತು, ಪೂರ್ತಿ ಹೋಗಲಿಲ್ಲ. ಹಸಿವೆ ಮಾತ್ರ ಬಹಳ ದಿನ ಬರಲಿಲ್ಲ. ಡಾಕ್ಟರು ಹೇಳಿದ ಲೆಕ್ಕಕ್ಕೆ ಸರಿಯಾಗಿ ಆಯಿತು ಎಂದ ಗಂಡ. ಪ್ರಸಾದ ಮಾಡಿದ್ದಕ್ಕೆ ಆಯಿತು ಎಂದರು ಅತ್ತೆ. ನಾನು ಇಬ್ಬರಿಗೂ ಹೌದು ಎಂದೆ. ನನಗೆ ಮತ್ತೆ ಮಕ್ಕಳಾಗಲಿಲ್ಲ. ಆ ಸಣ್ಣ ಲಿಂಗ ಪೆಟ್ಟಿಗೆಯಲ್ಲೇ ಉಳಿಯಿತು, ಅತ್ತೆ ಅದರ ಮಾತು ಒಂದು ದಿನವೂ ಎತ್ತಲಿಲ್ಲ.

ಅದೇ ವರ್ಷದ ಒಂದು ಮಧ್ಯಾಹ್ನ. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಅತ್ತೆ ಹೊರಗೆ ಕಟ್ಟೆಯ ಮೇಲೆ ಬೇಳೆ ಹಸನು ಮಾಡುತ್ತಿದ್ದರು. ಮೂರನೆಯ ಮನೆಯಾಕೆ, ಆ ಆಳಂದದ ಹುಡುಗಿಯ ಅತ್ತೆ, ಬಂದು ಪಕ್ಕದಲ್ಲಿ ಕೂತಳು.

"ಅಕ್ಕಾ, ನಿಮ್ಮ ಸೊಸಿ ತಿಂಗಳಾ ತಿಂಗಳಾ ಕಲಬುರ್ಗಿಗಿ ಯಾಕ ಹೋಗ್ತಾಳ? ಮಂದಿ ಏನೇನೋ ಮಾತಾಡಾಕತ್ತಾರ."

ರೊಟ್ಟಿಯ ಮೇಲೆ ನನ್ನ ಕೈ ನಿಂತಿತು.

"ಮನಸಿಗಿ ಬ್ಯಾನಿ ಅದ. ಗುಳಿಗಿ ತರಾಕ ಹೋಗ್ತಾಳ," ಎಂದರು ಅತ್ತೆ, ಓಣಿಗೆಲ್ಲ ಕೇಳುವಂತೆ. "ನಿನ್ನ ಸೊಸಿಗೂ ಇದೇ ಬ್ಯಾನಿ ಇತ್ತು. ನೀ ಆಕಿನ್ನ ತವರಿಗಿ ಕಳಿಸಿದಿ, ನಾ ಈಕಿನ್ನ ದವಾಖಾನಿಗಿ ಕಳಿಸ್ತೇನಿ. ಅಷ್ಟ ಫರಕ."

ಮೂರನೆಯ ಮನೆಯಾಕೆ ಎದ್ದು ಹೋದ ಸದ್ದಾಯಿತು. ಆಮೇಲೆ ಅತ್ತೆಯ ದನಿಯೇ ಕೇಳಿತು, ಈ ಸಲ ನನಗೆ.

"ಏ ಬೇ, ಹಂಚಿನ ಮ್ಯಾಲಿನ ರೊಟ್ಟಿ ಸೀಯಾಕತ್ತದ, ಹೊರಳಿ ಹಾಕು!"